ನನಗೆ ತಿಳಿದಮಟ್ಟಿಗೆ

ಹೊಳಲ್ಕೆರೆ
11-4-1977

ಚಿ. ಸಲೀಮನಿಗೆ ಚಿತ್ರಲಿಂಗಪ್ಪ ಮೇಷ್ಟ್ರ ಆಶೀರ್ವಾದಗಳು.

ಕವರಿನ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ನಿನ್ನ ಹಳೆಯ ಕಾಂಪೋಸಿಷನ್ ಪುಸ್ತಕವನ್ನು ಈಗ ತಿದ್ದಿ ಕಳಿಸುತ್ತಿಲ್ಲ. ನೀನು ಹೊಸದುರ್ಗದ ತಾಲ್ಲೂಕು ಕಚೇರಿ ಮುಂದೆ, ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕುಳಿತಿದ್ದೀಯೆಂದು ನಿನ್ನ ಜೊತೆ ಓದಿ ಈಗ ಬಸ್ ಕಂಡಕ್ಟರಾಗಿರುವ ಗುಡ್ಡಪ್ಪ ಹೇಳಿದ. ಒಂಬತ್ತನೇ ಕ್ಲಾಸಿನಲ್ಲಿ ಒಂದು ವಾಕ್ಯಕ್ಕೆ ಮೂರು ತಪ್ಪು ಮಾಡುತ್ತಿದ್ದವನು ಈಗ ತಾಲ್ಲೂಕಿಗೆಲ್ಲ ಇಂಗ್ಲಿಷ್ ಬರೆದುಕೊಡುತ್ತಿದ್ದೀಯ. ಸಂತೋಷ. ತಾಲ್ಲೂಕಿನ ಗತಿ ಏನೋ ಎಂಬ ಚಿಂತೆಯೂ ಆಯಿತು.

ಕೆಲಸದ ವಿಷಯಕ್ಕೆ ಬರುತ್ತೇನೆ. ನಾನು ರಿಟೈರ್ ಆಗಿ ಎಂಟು ವರ್ಷವಾಯಿತು. ನನ್ನ ಹೆಂಡತಿ ಏಕನಾಥಮ್ಮ ತೀರಿಕೊಂಡು ಐದು ವರ್ಷ. ಅಂದಿನಿಂದ ಇಲ್ಲಿ ಅವಳ ತಮ್ಮ ಜಂಬಣ್ಣನ ಮನೆಯಲ್ಲಿದ್ದೇನೆ. ಅವನದು ಅಡಿಕೆ ಮಂಡಿ. ನಮ್ಮ ಹಳೆಯ ಊರು ಹುಣಸೇಕಟ್ಟೆಯಲ್ಲಿ, ನಾನು ಸೈಕಲ್ ಮೇಲೆ ಸ್ಕೂಲಿಗೆ ಬರುತ್ತಿದ್ದ ರಸ್ತೆಯ ಪಕ್ಕದಲ್ಲೇ, ಅವನಿಗೆ ನಾಲ್ಕು ಎಕರೆ ಹೊಲವಿದೆ. ಅದನ್ನು ತಾನು ಗೇಣಿಗೆ ಉಳುತ್ತಿರುವುದಾಗಿ ಕಾಳಕ್ಕ ಎಂಬ ಹೆಂಗಸು ಭೂಮಿ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಿದ್ದಾಳೆ. ಉಳುವವರಿಗೇ ಭೂಮಿ ಎಂಬ ಕಾನೂನು ಬಂದ ಮೇಲೆ ಇಂಥ ಅರ್ಜಿಗಳು ಎಷ್ಟು ಬಂದಿವೆ ಎಂಬುದು ನನಗಿಂತ ನಿನಗೇ ಗೊತ್ತು. ಜಂಬಣ್ಣನ ಕಡೆಯಿಂದ ನಾನೊಂದು ಸಾಕ್ಷಿ ಹೇಳಿಕೆ ಕೊಡಬೇಕಾಗಿದೆ. ಕರಡು ಇದರೊಳಗಿದೆ. ಅದರ ಮುಖ್ಯ ವಾಕ್ಯ ಇಷ್ಟೇ: ನನಗೆ ತಿಳಿದಮಟ್ಟಿಗೆ ಕಾಳಕ್ಕನಾಗಲಿ ಅವಳ ದಿವಂಗತ ಗಂಡ ಯತ್ತಪ್ಪನಾಗಲಿ ಆ ಹೊಲದ ಗೇಣಿದಾರರಾಗಿರಲಿಲ್ಲ, ಕೂಲಿಗೆ ಬರುತ್ತಿದ್ದರು.

‘ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್’ ಎಂದು ಶುರು ಮಾಡಿದ್ದೇನೆ. ಅದರ ಮುಂದಿನ ಕಾಮಾ ಬಿಡಬೇಡ. ಮೂರು ಪ್ರತಿ ಬೇಕು.

ಇಂತಿ ನಿನ್ನ ಮೇಷ್ಟ್ರು,
ಚಿತ್ರಲಿಂಗಪ್ಪ

ಹೊಸದುರ್ಗ
16-4-1977

ಪೂಜ್ಯ ಮೇಷ್ಟ್ರಿಗೆ ಸಲೀಮನ ನಮಸ್ಕಾರಗಳು.

ತಮ್ಮ ಕಾಗದ ಬಂದ ದಿನ ಮರದ ಕೆಳಗಿನ ನಾಲ್ಕೂ ಜನ ಟೈಪಿಸ್ಟರಿಗೆ ತೋರಿಸಿದೆ, ಒಳಗಿನ ಕರಡನ್ನಲ್ಲ, ಕವರ್ ಮಾತ್ರ. ನಮ್ಮ ಮೇಷ್ಟ್ರ ಅಕ್ಷರ ನೋಡ್ರಪ್ಪ, ಅಚ್ಚು ಹಾಕಿದಂಗೈತೆ ಎಂದೆ. ನಮ್ಮ ತಾಯಿ ಹುಸೇನ್ ಬೀ ತಮ್ಮನ್ನು ವಿಚಾರಿಸಿದರು. ಏಕನಾಥಮ್ಮನವರು ಹೋದದ್ದು ನನಗೆ ಗೊತ್ತೇ ಇರಲಿಲ್ಲ. ಬೆಳಗಿನ ಸ್ಪೆಷಲ್ ಕ್ಲಾಸಿಗೆ ಬಂದವರಿಗೆಲ್ಲ ಅವರು ಡಬ್ಬಿಯಲ್ಲಿ ಕಟ್ಟಿ ಕಳಿಸುತ್ತಿದ್ದ ಉಪ್ಪಿಟ್ಟು ನೆನಪಾಯಿತು. ಬಹಳ ಬೇಜಾರಾಯಿತು.

ಕರಡನ್ನು ಇನ್ನೂ ಟೈಪ್ ಮಾಡಿಲ್ಲ. ರಿಬ್ಬನ್ ಹಳೆಯದಾಗಿದೆ ಎಂದು ಬರೆಯೋಣ ಅಂದುಕೊಂಡಿದ್ದೆ, ತಮಗೆ ಸುಳ್ಳು ಬರೆಯಲು ಕೈ ಬರಲಿಲ್ಲ. ಇರುವ ವಿಷಯ ಹೇಳಿಬಿಡುತ್ತೇನೆ.

ಕಾಳಕ್ಕನ ಹೇಳಿಕೆಯನ್ನೂ ಟೈಪ್ ಮಾಡಿದವನು ನಾನೇ. ನನ್ನ ಮೆಷಿನ್ನು ಇಂಗ್ಲಿಷಿನದು, ಹಾಗಾಗಿ ಬರುವವರು ಕನ್ನಡದಲ್ಲಿ ಹೇಳುತ್ತಾರೆ, ನಾವು ಇಂಗ್ಲಿಷಿನಲ್ಲಿ ಹೊಡೆಯುತ್ತೇವೆ. ಮರದ ಕೆಳಗೆ ನಮ್ಮದೊಂದು ಪದ್ಧತಿ ಇದೆ. ಯಾರ ಕಾಗದವಾದರೂ ‘ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್’ ಇರಲೇಬೇಕು. ನಮಗೆ ಕೆಲಸ ಕಲಿಸಿದ ಉಸ್ತಾದರು ಹಾಗೆ ಹಾಕುತ್ತಿದ್ದರು, ನಾವೂ ಹಾಕುತ್ತೇವೆ. ಅದಕ್ಕೆ ಬಾಲ ಎಂದೇ ಹೆಸರು. ಬಾಲ ಹಚ್ಚಿದೆಯೇನಪ್ಪ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಅದಿಲ್ಲದಿದ್ದರೆ ಕಾಗದ ಬೋಳು ಬೋಳು ಅನ್ನಿಸುತ್ತದೆ, ಬಂದವರಿಗೂ ಸಮಾಧಾನವಿರುವುದಿಲ್ಲ. ಕಾಳಕ್ಕನ ಕಾಗದಕ್ಕೂ ಹಚ್ಚಿದೆ. ನನಗೆ ತಿಳಿದಮಟ್ಟಿಗೆ ಈ ಹೊಲವನ್ನು ನಾನೇ ಉಳುತ್ತಿದ್ದೇನೆ ಎಂದು ಅವಳು ಹೆಬ್ಬೆಟ್ಟು ಒತ್ತಿದಳು.

ಮಾರ್ಚಿನಲ್ಲಿ ಮೊದಲ ವಿಚಾರಣೆ ಆಯಿತು, ನಾನೂ ಅವಳ ಜೊತೆ ಒಳಗೆ ಹೋಗಿದ್ದೆ. ಕಾಗದವನ್ನು ಎಲ್ಲರ ಮುಂದೆ ಓದಿದರು. ಒಬ್ಬ ಮೆಂಬರು, “ಏನಮ್ಮಾ, ನೀನು ಉಳ್ತಿರೋದು ನಿನಗೇ ಖಾತ್ರಿ ಇಲ್ವಾ? ತಿಳಿದಮಟ್ಟಿಗೆ ಅಂತ ಬರ್ಸಿದೀಯಲ್ಲ” ಎಂದು ಕೇಳಿದರು. ಅವಳಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳ ಹತ್ತಿರ ಗೇಣಿ ಚೀಟಿ ಅಂತ ಒಂದೂ ಇಲ್ಲ. ಜೂನ್ ಹದಿನಾಲ್ಕಕ್ಕೆ ಕಣ್ಣಾರೆ ಕಂಡ ಸಾಕ್ಷಿಯನ್ನು ಕರೆತರಬೇಕು, ಇಲ್ಲದಿದ್ದರೆ ಅರ್ಜಿ ವಜಾ ಎಂದು ಹೇಳಿ ಕಳಿಸಿದರು. ಆ ಹೊಲ ಹೋದರೆ ಅವಳಿಗೆ ಬೇರೆ ಹೊಲವಿಲ್ಲ. ನನ್ನ ಬಾಲದಿಂದ ಹೀಗಾಯಿತು.

ಮೇಷ್ಟ್ರೆ, ಅರವತ್ತೊಂದನೇ ಇಸವಿಯಲ್ಲಿ ಇದೇ ಮಾತನ್ನು ಬಳಸಿ ಐದು ವಾಕ್ಯ ಬರೆಯಿರಿ ಎಂದು ತಾವು ಕೊಟ್ಟಿದ್ದಿರಿ. ನಾನು ‘ನನಗೆ ತಿಳಿದಮಟ್ಟಿಗೆ ನನ್ನ ತಂದೆಯ ಹೆಸರು ದಿಲಾವರ್ ಸಾಬ್’ ಎಂದು ಬರೆದಿದ್ದೆ. “ಲೇ ಸಲೀಮ, ಅಪ್ಪನ ಹೆಸರಾಗೂ ನಿಂಗೆ ಅನುಮಾನ ಐತೇನೋ?” ಎಂದು ಒಂದು ಪೀರಿಯಡ್ಡು ಬೆಂಚಿನ ಮೇಲೆ ನಿಲ್ಲಿಸಿದಿರಿ. ಆಮೇಲೆ ಇಳಿಸಿ ಹೇಳಿದಿರಿ: ಪೂರ್ತಿ ಗೊತ್ತಿರುವುದಕ್ಕೆ ಈ ಮಾತು ಹಚ್ಚಬೇಡ, ಏನೂ ಗೊತ್ತಿಲ್ಲದ್ದಕ್ಕೂ ಹಚ್ಚಬೇಡ, ಅರ್ಧ ಗೊತ್ತಿದ್ದು ಆ ಅರ್ಧವನ್ನು ನಿಯತ್ತಾಗಿ ಹೇಳುವಾಗ ಮಾತ್ರ ಹಚ್ಚು.

ನಾನು ಮರೆತಿದ್ದೆ. ತಮ್ಮ ಕರಡು ಓದಿದಾಗ ನೆನಪಾಯಿತು. ತಾವು ಹುಣಸೇಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವರು. ಆ ವಾಕ್ಯ ಹಾಗೇ ಇರಲೇ ಎಂದು ಕೇಳಲು ಬರೆಯುತ್ತಿದ್ದೇನೆ.

ತಮ್ಮ ಶಿಷ್ಯ,
ಸಲೀಂ

ಹೊಳಲ್ಕೆರೆ
25-4-1977

ಸಲೀಂ,

ಟೈಪ್ ಮಾಡುವವನ ಕೆಲಸ ಟೈಪ್ ಮಾಡುವುದು. ಕರಡು ತಿದ್ದಲು ನಿನ್ನನ್ನು ಕೇಳಲಿಲ್ಲ.

ವಾಕ್ಯದಲ್ಲಿ ತಪ್ಪಿಲ್ಲ. ಬೇಕಾದರೆ ಯಾವ ಇಂಗ್ಲಿಷ್ ಮೇಷ್ಟ್ರಿಗಾದರೂ ತೋರಿಸು. ಜಂಬಣ್ಣನಿಗೂ ಯತ್ತಪ್ಪನಿಗೂ ಏನು ಮಾತಾಗಿತ್ತು ಎಂಬುದನ್ನು ನಾನು ಎದುರಿಗೆ ಕುಳಿತು ಕೇಳಿದವನಲ್ಲ. ಅವರು ಕರಾರು ಬರೆದುಕೊಂಡಿದ್ದರೆ ಅದನ್ನು ನೋಡಿದವನಲ್ಲ. ಆದ್ದರಿಂದ ನನ್ನ ತಿಳಿವಳಿಕೆಗೆ ಮಿತಿಯಿದೆ, ಆ ಮಿತಿಯನ್ನು ಮೊದಲೇ ಹೇಳಿದ್ದೇನೆ. ಆ ಮಾತು ಇರುವುದೇ ಅದಕ್ಕೆ.

ಈ ಮನೆಯವರು ನನ್ನನ್ನು ಐದು ವರ್ಷದಿಂದ ನೋಡಿಕೊಂಡಿದ್ದಾರೆ. ಹೋದ ವರ್ಷ ಟೈಫಾಯ್ಡ್ ಆದಾಗ ಜಂಬಣ್ಣ ಮಂಡಿಗೆ ಬೀಗ ಹಾಕಿ ನನ್ನ ಹಾಸಿಗೆ ಪಕ್ಕ ಕುಳಿತಿದ್ದ. ಇದು ನಿನ್ನ ಗಮನಕ್ಕಿರಲಿ. ಬೇಗ ಕಳಿಸು.

ಚಿತ್ರಲಿಂಗಪ್ಪ

ಹೊಸದುರ್ಗ
3-5-1977

ಪೂಜ್ಯ ಮೇಷ್ಟ್ರಿಗೆ ನಮಸ್ಕಾರ.

ಮೂರು ಪ್ರತಿ ಇಟ್ಟಿದ್ದೇನೆ. ಕಾಮಾ ಬಿಟ್ಟಿಲ್ಲ. ಅಧಿಕಪ್ರಸಂಗ ಮಾಡಿದ್ದಕ್ಕೆ ಕ್ಷಮೆ ಇರಲಿ.

ಇನ್ನೊಂದು ಸಂಗತಿ ಇದೆ, ಇದನ್ನು ತಿಳಿಸದೆ ಇರಲಾರೆ. ಮೊನ್ನೆ ಶುಕ್ರವಾರ ಕಾಳಕ್ಕ ಬಂದಿದ್ದಳು. ಹುಣಸೇಕಟ್ಟೆಯಿಂದ ನಡೆದೇ ಬರುತ್ತಾಳೆ. ಮರದ ಬುಡದಲ್ಲಿ ಕುಂತು ನೀರು ಕುಡಿದು, “ಸಾಬ್ರೆ, ಸಾಕ್ಷಿ ಸಿಕ್ತು” ಎಂದಳು. ಯಾರಮ್ಮ ಎಂದೆ.

“ನಮ್ಮ ಮೇಷ್ಟ್ರು ಇಲ್ವಾ, ಚಿತ್ರಲಿಂಗಪ್ನೋರು. ದಿನಾ ಸೈಕಲ್ ಮ್ಯಾಲೆ ನಮ್ಮ ಹೊಲದ ಬದೂಗೇ ಹೋಗೋರು. ಚೈನು ಬಿದ್ರೆ ನಮ್ಮೆಜಮಾನ್ರೇ ನೇಗ್ಲು ಬಿಟ್ಟು ಬಂದು ಹಾಕ್ಕೊಡೋರು. ಅಲಸಂದೆ ಕಾಯಿ ಬಿಟ್ಟಾಗ ಅವ್ರ ಬ್ಯಾಗಿಗೆ ತುಂಬ್ತಿದ್ದೆ, ಬ್ಯಾಡ ಕಾಳಕ್ಕ ಬ್ಯಾಡ ಅಂತಾನೇ ಬ್ಯಾಗಿನ ಬಾಯಿ ತೆಗ್ದು ಹಿಡಿಯೋರು. ಅವ್ರಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು? ಜಂಬಣ್ಣಗೆ ಅವ್ರು ಭಾವ ಆಗ್ಬೇಕು, ಆದ್ರೂ ಮೇಷ್ಟ್ರು ಅಲ್ವಾ. ಒಂದು ಕಾಗ್ದ ಬರ್ದು ಕೇಳ್ರಿ.”

ತಮ್ಮ ಕರಡಿನ ವಿಷಯ ಅವಳಿಗೆ ಹೇಳಲಿಲ್ಲ. ಒಬ್ಬರು ಬರೆಸಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು ಎಂಬುದು ಮರದ ಕೆಳಗಿನ ಕಟ್ಟುನಿಟ್ಟು. ಅದನ್ನು ಮುರಿದರೆ ನಾಳೆಯಿಂದ ಯಾರೂ ನಮ್ಮ ಹತ್ತಿರ ಬರುವುದಿಲ್ಲ. ತಮ್ಮ ಮೂರು ಪ್ರತಿಗಳು ಆಗ ನನ್ನ ತೊಡೆಯ ಮೇಲಿದ್ದವು. ಅವಳು ಓದಬಲ್ಲವಳಲ್ಲ, ಆದರೂ ಮಗುಚಿ ಹಾಕಿಕೊಂಡೆ. ಬರೆಯುತ್ತೇನಮ್ಮ ಎಂದೆ. ಅದಕ್ಕೇ ಬರೆದಿದ್ದೇನೆ.

ಎದ್ದು ಹೋಗುವಾಗ ಕೇಳಿದಳು, “ಮೇಷ್ಟ್ರು ಚೆನ್ನಾಗವ್ರಾ?” ಹೂಂ ಎಂದೆ.

ತಮ್ಮ,
ಸಲೀಂ

ಹೊಸದುರ್ಗ
21-5-1977
(ಕಾರ್ಡು)

ಮೇಷ್ಟ್ರಿಗೆ ನಮಸ್ಕಾರ. ಕಾಗದಗಳು ಕೈ ಸೇರಿದವೋ ಇಲ್ಲವೋ ತಿಳಿಯಲಿಲ್ಲ. ಹದಿನಾಲ್ಕನೇ ತಾರೀಕು ಮಂಗಳವಾರ ವಿಚಾರಣೆ, ಹನ್ನೊಂದು ಗಂಟೆಗೆ. ಕಾಳಕ್ಕ ಎರಡು ಸಲ ಬಂದು ಹೋದಳು. ಕಾರ್ಡನ್ನು ಯಾರು ಬೇಕಾದರೂ ಓದಬಹುದು, ಹೆಚ್ಚು ಬರೆಯುವುದಿಲ್ಲ.

ಸಲೀಂ

ಹೊಳಲ್ಕೆರೆ
2-6-1977

ಚಿ. ಸಲೀಮನಿಗೆ ಆಶೀರ್ವಾದ.

ನೀನು ಕಳಿಸಿದ ಪ್ರತಿಗಳು ಒಂದು ತಿಂಗಳಿಂದ ನನ್ನ ಮೇಜಿನ ಮೇಲಿವೆ. ಸಹಿ ಹಾಕಿಲ್ಲ. ಜಂಬಣ್ಣ ದಿನಾ ಮಂಡಿಗೆ ಹೋಗುವಾಗ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾನೆ. ಮೊನ್ನೆ ಒಳಗೇ ಬಂದು ಕುಳಿತ.

“ಭಾವ, ಸೈನ್ ಒಂದು ಹಾಕ್ರಿ. ಅದ್ರಾಗೇನೈತೆ? ತಿಳಿದಮಟ್ಟಿಗೆ ಅಂತ ಹಾಕೈತಲ್ಲ. ನಾಳೆ ಯಾರೂ ನಿಮ್ಮನ್ನ ಹಿಡಿಯಂಗಿಲ್ಲ.”

ಆ ಮಾತು ಹಾಕಿಸಿದ್ದು ಚಿತ್ರದುರ್ಗದ ಅವನ ವಕೀಲರು. ಕರಡು ನನ್ನದೇ ಎಂದು ನಾನು ನಿನಗೆ ಜಂಬ ಕೊಚ್ಚಿಕೊಂಡಿದ್ದೆ. ಕಾಮಾ ಮಾತ್ರ ನನ್ನದು.

ಅವನು ಹೋದ ಮೇಲೆ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು, ಕ್ಲಾಸಿನಲ್ಲಿ ಕೊಡುತ್ತಿದ್ದ ಹಾಗೆ, ನನಗೆ ನಾನೇ ಅಭ್ಯಾಸ ಕೊಟ್ಟುಕೊಂಡೆ. ನನಗೆ ತಿಳಿದಮಟ್ಟಿಗೆ ಶಿವಮೊಗ್ಗದ ಬಸ್ಸು ಆರಕ್ಕೆ ಹೊರಡುತ್ತದೆ. ಸರಿ. ನನಗೆ ತಿಳಿದಮಟ್ಟಿಗೆ ಎದುರುಮನೆಯವರು ಊರಲ್ಲಿಲ್ಲ. ಸರಿ. ನನಗೆ ತಿಳಿದಮಟ್ಟಿಗೆ ನನ್ನ ಹೆಂಡತಿ ಏಕನಾಥಮ್ಮ ಪ್ರತಿ ವರ್ಷ ಕಾಳಕ್ಕನ ಕಣದಲ್ಲಿ ನಿಂತು, ರಾಶಿಯಲ್ಲಿ ತಮ್ಮನ ಅರ್ಧ ಪಾಲನ್ನು ಅಳೆಸಿಕೊಂಡು ಬರುತ್ತಿದ್ದಳು. ಇದಕ್ಕೆ ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಎಷ್ಟೋ ವರ್ಷ ಅವಳ ಪಕ್ಕದಲ್ಲಿ ನಾನೇ ಕೊಡೆ ಹಿಡಿದು ನಿಂತಿದ್ದೆ. ಕೂಲಿಯವರು ಯಾರೂ ಒಡೆಯನಿಗೆ ಪಾಲು ಅಳೆಯುವುದಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಬರೆದುಕೊಟ್ಟೆ. ನನಗೆ ನಾಚಿಕೆಯಾಗಿದೆ, ಸಲೀಂ. ನಿನ್ನ ಮೇಲೆ ರೇಗಿದ್ದು ಅದಕ್ಕೇ.

ಹೆದರಿಕೆಯೂ ಆಗಿದೆ, ಅದನ್ನೂ ಹೇಳುತ್ತೇನೆ. ಈ ಮನೆಯಲ್ಲಿ ಮೊದಲ ರೊಟ್ಟಿ ನನ್ನ ತಟ್ಟೆಗೆ ಬೀಳುತ್ತದೆ. ಅರವತ್ಮೂರನೇ ವಯಸ್ಸಿನಲ್ಲಿ ಇನ್ನೆಲ್ಲಿಗೆ ಹೋಗಲಿ? ಆದರೆ ಆ ರೊಟ್ಟಿಯ ರಾಗಿ ಎಲ್ಲಿಯದು ಎಂಬುದೂ ನನಗೆ ಗೊತ್ತು. ಪ್ರತಿ ಸುಗ್ಗಿಯಲ್ಲೂ ಹುಣಸೇಕಟ್ಟೆಯಿಂದ ಚೀಲಗಳು ಬರುತ್ತವೆ. ಎಲ್ಲರೂ ಚೀಲದ ಬಾಯಿಯನ್ನು ಸೆಣಬಿನ ದಾರದಲ್ಲಿ ಹೊಲಿದರೆ, ಕಾಳಕ್ಕ ತನ್ನ ಕುರಿಯ ಕಪ್ಪು ಉಣ್ಣೆ ನೂಲಿನಲ್ಲಿ ಹೊಲಿಯುತ್ತಾಳೆ. ಆ ಹೊಲಿಗೆಯನ್ನು ನಾನೇ ಬಿಚ್ಚಿದ್ದೇನೆ. ಈ ವರ್ಷವೂ ಬಿಚ್ಚಿದ್ದೇನೆ.

ಹೊಸ ಕರಡು ಇದರೊಳಗಿದೆ. ಎರಡೇ ವಾಕ್ಯ. ಮೊದಲನೆಯದು: ಸಾವಿರದ ಒಂಬೈನೂರ ಐವತ್ತರಿಂದ ಎಪ್ಪತ್ತೆರಡರವರೆಗೆ ಯತ್ತಪ್ಪನೂ ಅವನ ಹೆಂಡತಿ ಕಾಳಕ್ಕನೂ ಆ ಹೊಲವನ್ನು ಪಾಲಿಗೆ ಉತ್ತಿದ್ದನ್ನು ನಾನು ಕಂಡಿದ್ದೇನೆ. ಇದಕ್ಕೆ ನಿನ್ನ ಬಾಲ ಹಚ್ಚಿದರೆ ಕೈ ಮುರಿಯುತ್ತೇನೆ. ಎರಡನೆಯದು: ಅನಂತರ ನಾನು ಆ ಊರಿನಲ್ಲಿರಲಿಲ್ಲ, ನನಗೆ ತಿಳಿದಮಟ್ಟಿಗೆ ಇಂದಿಗೂ ಅವಳೇ ಉಳುತ್ತಿದ್ದಾಳೆ. ಇದಕ್ಕೆ ಬೇಕು. ಉಣ್ಣೆ ನೂಲಿನ ವಿಷಯ ಕೇಳಿದರೆ ಬಾಯಲ್ಲಿ ಹೇಳುತ್ತೇನೆ.

ಹಳೆಯ ಮೂರು ಪ್ರತಿಗಳನ್ನು ಹರಿದಿದ್ದೇನೆ. ಜಂಬಣ್ಣನಿಗೆ ನಾನೇ ಎದುರು ಕೂರಿಸಿಕೊಂಡು ಹೇಳುತ್ತೇನೆ, ಕಚೇರಿಯಲ್ಲಿ ಅವನಿಗೆ ಮೊದಲ ಸಲ ಗೊತ್ತಾಗಬಾರದು. ಹದಿನಾಲ್ಕಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಕಾಳಕ್ಕನ ಹೇಳಿಕೆಯನ್ನೂ ಬಾಲ ಕಿತ್ತು ಹೊಸದಾಗಿ ಹೊಡೆದಿಡು. ಈ ಸಲ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ. ನಿಂತಿರುವವನು ನಾನು.

ಇಂತಿ,
ಚಿತ್ರಲಿಂಗಪ್ಪ

ಹೊಳಲ್ಕೆರೆ
22-6-1977

ಚಿ. ಸಲೀಮನಿಗೆ,

ಅಂದು ಸಾಕ್ಷಿ ಹೇಳಿ ಹೊರಬಂದ ಅವಸರದಲ್ಲಿ ನಿನಗೆ ಹೇಳದೆ ಬಸ್ ಹತ್ತಿಬಿಟ್ಟೆ. ಕಾಳಕ್ಕ ಕಚೇರಿ ಮೆಟ್ಟಿಲ ಮೇಲೆ ನನ್ನ ಕಾಲು ಮುಟ್ಟಲು ಬಂದಳು, ಅದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ. ನಾನು ಮೊದಲು ಏನು ಬರೆದಿದ್ದೆ ಎಂದು ಅವಳಿಗೆ ಗೊತ್ತಿಲ್ಲ. ನೀನು ಹೇಳಿಲ್ಲ ಎಂದು ಅವಳ ಮುಖ ನೋಡಿದಾಗಲೇ ತಿಳಿಯಿತು.

ಜಂಬಣ್ಣನೂ ಅದೇ ಬಸ್ಸಿನಲ್ಲಿದ್ದ. ಅವನು ಮುಂದಿನ ಸೀಟು, ನಾನು ಹಿಂದಿನದು. ಹೊಳಲ್ಕೆರೆ ಮುಟ್ಟುವವರೆಗೂ ತಿರುಗಿ ನೋಡಲಿಲ್ಲ. ಟಿಕೆಟ್ ಮಾತ್ರ ಇಬ್ಬರದೂ ಅವನೇ ತೆಗೆಸಿದ್ದ.

ಇನ್ನು ಮುಂದೆ ಕಾಗದ ಬರೆಯುವುದಾದರೆ ವಿಳಾಸ: ಕಾಟಪ್ಪನವರ ಹಿತ್ತಲ ಕೋಣೆ, ಸಂತೆ ಬೀದಿ, ಹೊಳಲ್ಕೆರೆ. ಅನುಕೂಲವಾಗಿದೆ.

ಚಿತ್ರಲಿಂಗಪ್ಪ

ಹೊಸದುರ್ಗ
23-8-1977

ಪೂಜ್ಯ ಮೇಷ್ಟ್ರಿಗೆ ಸಲೀಮನ ನಮಸ್ಕಾರಗಳು.

ನಿನ್ನೆ ಆರ್ಡರ್ ಬಂತು. ಹೊಲ ಕಾಳಕ್ಕನಿಗಾಗಿದೆ. ಮೊದಲು ನಾನು ಓದಿ, ಕನ್ನಡದಲ್ಲಿ ಹೇಳಿ, ಮತ್ತೊಮ್ಮೆ ಹೇಳ್ರಿ ಎಂದು ಅವಳು ಕೇಳಿದಾಗ ಮತ್ತೊಮ್ಮೆ ಹೇಳಿದೆ. ಮೂರನೇ ಸಲ ಕೇಳಿದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಪಕ್ಕದ ಟೈಪಿಸ್ಟರು ಎಂದೂ ಮಾತಾಡದವರು ಎದ್ದು ಹೋಗಿ ಎಲ್ಲರಿಗೂ ಟೀ ಹೇಳಿದರು.

ಮರದ ಕೆಳಗೆ ಈಗ ಬಾಲ ಹಚ್ಚುವ ಪದ್ಧತಿ ಕಡಿಮೆಯಾಗಿದೆ. ಬಂದವರನ್ನು ಮೊದಲು, ಕಂಡಿದ್ದೋ ಕೇಳಿದ್ದೋ ಎಂದು ಕೇಳುತ್ತೇನೆ. ಕಂಡಿದ್ದಾದರೆ ಹಚ್ಚುವುದಿಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ, ಕಾಗದ ಬೋಳಾಯಿತು ಎಂದು ಪಕ್ಕದವರ ಹತ್ತಿರ ಹೋಗುತ್ತಾರೆ. ಹೋಗಲಿ.

ತಾವು ಜಂಬಣ್ಣನವರ ಮನೆ ಬಿಟ್ಟದ್ದನ್ನು ಗುಡ್ಡಪ್ಪ ಬಸ್ಸಿನಲ್ಲಿ ಬಂದು ಹೋಗುವವರಿಗೆಲ್ಲ ಹೇಳಿ, ಅದು ಕಾಳಕ್ಕನ ಕಿವಿಗೂ ಬಿದ್ದಿದೆ. ತಾವಾಗಿ ಬಿಟ್ಟಿರೋ, ಅವರು ಬಿಡಿಸಿದರೋ ನನಗೆ ಗೊತ್ತಿಲ್ಲ, ತಾವೂ ಬರೆದಿಲ್ಲ. ನಿನ್ನೆ ಅತ್ತು ಮುಗಿಸಿದ ಮೇಲೆ ಅವಳು ಮತ್ತೆ ಅದೇ ಪ್ರಶ್ನೆ ಕೇಳಿದಳು, “ಮೇಷ್ಟ್ರು ಚೆನ್ನಾಗವ್ರಾ?” ಹೋದ ಸಲ ಏನೂ ಯೋಚಿಸದೆ ಹೂಂ ಎಂದಿದ್ದೆ. ಈ ಸಲ ಹಾಗೆ ಹೇಳಲು ಬಾಯಿ ಬರಲಿಲ್ಲ. ನಂಗೆ ತಿಳಿದಮಟ್ಟಿಗೆ ಚೆನ್ನಾಗಿದ್ದಾರಮ್ಮ ಎಂದೆ.

“ತಿಳಿದಮಟ್ಟಿಗೆ ಅಂದ್ರೆ? ನೀವು ಹೋಗಿ ನೋಡಿಲ್ವಾ?”

ಇಲ್ಲ ಎಂದೆ.

“ಅಷ್ಟು ವಯಸ್ಸಾದೋರು, ಕ್ವಾಣೆಯಾಗೆ ಒಬ್ರೇ ಅವ್ರೆ, ಇಲ್ಲಿ ಕುಂತು ತಿಳಿದಮಟ್ಟಿಗೆ ಅಂತೀರಲ್ಲ ಸಾಬ್ರೆ. ನಡೀರಿ, ಹೋಗಾಣ.”

ಬರುವ ಭಾನುವಾರ ಇಪ್ಪತ್ತೆಂಟಕ್ಕೆ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಅವಳು ಒಂದು ಚೀಲ ರಾಗಿ ಹೊರಿಸಿಕೊಂಡು ಬರುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ಬಾಯಿ ಹೊಲಿದಾಗಿದೆ, ಕಪ್ಪು ನೂಲಿನಲ್ಲಿ. ನಾನು ಕಣ್ಣಾರೆ ನೋಡಿದ್ದೇನೆ.

ಎಲ್ಲಿಗೂ ಹೋಗಬೇಡಿ, ಮನೆಯಲ್ಲಿರಿ.

ತಮ್ಮ ಶಿಷ್ಯ,
ಸಲೀಂ